ಭಾವನ ದೋಣಿಯ ಅಡ್ಡಮಣೆ

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಸೋಫಾ ರಿಪೇರಿ ಮಾಡುತ್ತಿದ್ದುದರಿಂದ ದೊಡ್ಡವರಿಗೆ ಅವನು ಸೋಫಾದವನು, ಚಿಕ್ಕವರಿಗೆ ಸೋಫಾದಣ್ಣ. ಕುಸಿದು ಹೊಂಡ ಬಿದ್ದ ಸೋಫಾವನ್ನು ಅವನಲ್ಲಿಗೆ ಹೊತ್ತು ತಂದರೆ ಕೆಲವೇ ದಿನಗಳಲ್ಲಿ ಅದು ಹೊಸ ಬಟ್ಟೆ ತೊಟ್ಟು ಮನೆಗೆ ಹಿಂದಿರುಗುತ್ತಿತ್ತು. ಮುರಿದ ಸ್ಪ್ರಿಂಗನ್ನೂ ಅವನು ಬದಲಾಯಿಸುತ್ತಿದ್ದ, ಆದರೆ ಅವನ ಜೀವವಿದ್ದದ್ದು ಮೇಲಿನ ಹೊದಿಕೆಯಲ್ಲಿ. ರೆಕ್ಸಿನ್ ಎಳೆದು, ಮೂಲೆಗಳನ್ನು ಸುಕ್ಕಿಲ್ಲದಂತೆ ಮಡಚಿ, ಕೊನೆಯ ಪಿನ್ನು ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡುವಾಗ ಅವನ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಗಿರಾಕಿಗಳು ‘ಅಬ್ಬ’ ಎಂದರೆ ಸಾಕು, ಅವನಿಗೆ ಊಟವೇ ಬೇಡ ಎಂದು ಹೆಂಡತಿ ನಗುತ್ತಿದ್ದಳು.

ಈ ಕೆಲಸಕ್ಕೆ ಅವನನ್ನು ಹಚ್ಚಿದವರು ಅಕ್ಕನ ಗಂಡ. ತಂದೆ ತೀರಿಕೊಂಡಾಗ ಮೀಸೆ ಚಿಗುರದ ಭಾವಮೈದುನನನ್ನು ತಮ್ಮ ಮನೆಗೆ ಕರೆತಂದು, ಹೊಟ್ಟೆಗೆ ಹಾಕಿ, ಕುರ್ಚಿ ಹೆಣೆಯುವವನ ಕೈಕೆಳಗೆ ಕೆಲಸ ಕಲಿಯಲು ಬಿಟ್ಟಿದ್ದರು. ಭಾವ ಲಾರಿ ಓಡಿಸುತ್ತಿದ್ದರು. ಭೂಪಟವೆಲ್ಲ ಅವರ ತಲೆಯಲ್ಲೇ ಇತ್ತು. ಯಾವ ಊರಿಗೆ ಯಾವ ಕವಲು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ರಜೆ ಸಿಕ್ಕಿದ ದಿನ ಅವರು ಊರಾಚೆಯ ದೊಡ್ಡ ಕೆರೆಗೆ ಹೋಗಿ, ತಮ್ಮ ಅಲ್ಯೂಮಿನಿಯಂ ದೋಣಿ ಇಳಿಸಿ, ಗಾಳ ಹಾಕಿ ಕುಳಿತುಬಿಡುತ್ತಿದ್ದರು. ಮೀನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ.

ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಉಳಿಯಿತು, ಬುದ್ಧಿ ಮೊದಲಿನಷ್ಟೇ ಚುರುಕಾಗಿ ಉಳಿಯಿತು. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಲಾರಿ ಹೋಯಿತು. ದೋಣಿ ಮನೆಯ ಪಕ್ಕದಲ್ಲಿ ಸಿಮೆಂಟು ಇಟ್ಟಿಗೆಗಳ ಮೇಲೆ ಬೋರಲು ಬಿದ್ದುಕೊಂಡಿತು. ಅದರಡಿಯಲ್ಲಿ ಬೆಕ್ಕು ಮರಿ ಹಾಕಿತು. ಗುಜರಿಯವನಿಗೆ ಕೊಟ್ಟುಬಿಡೋಣ ಎಂದು ಅಕ್ಕ ಹೇಳಿದ ದಿನ ಸೋಫಾದವನು ಅಲ್ಲೇ ಇದ್ದ. ಭಾವ ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ನೋಡಿದ. ದೋಣಿಯನ್ನು ತಾನು ಒಯ್ದು ಸರಿಮಾಡುತ್ತೇನೆ, ಸುಮ್ಮನೆ ಸರಿಮಾಡುವುದಲ್ಲ, ಹೊಸದೂ ನಾಚಬೇಕು ಹಾಗೆ ಮಾಡುತ್ತೇನೆ ಎಂದುಬಿಟ್ಟ.

ದೋಣಿಯನ್ನು ಟ್ರೇಲರಿಗೆ ಏರಿಸಿ ಹಗ್ಗ ಬಿಗಿಯುವಾಗ ಭಾವ ಕೋಲೂರಿಕೊಂಡು ಹತ್ತಿರ ಬಂದರು. ಎರಡು ಬದಿಗಳ ನಡುವೆ ಅಡ್ಡಲಾಗಿ ಕೂರಿಸಿದ್ದ ಅಗಲವಾದ ಆಸನವನ್ನು ಎಡಗೈಯಿಂದ ತಟ್ಟಿದರು.

“ಏನು ಬೇಕಾದ್ರೂ ಮಾಡು. ಈ ಅಡ್ಡಮಣೆ ಒಂದನ್ನ ಮುಟ್ಟಬೇಡ. ಎರಡು ಪಕ್ಕಾನೂ ಇದೇ ಹಿಡ್ಕೊಂಡಿರೋದು.”

“ಇಲ್ಲ ಭಾವ. ಅದಕ್ಕೆ ನಾನ್ಯಾಕೆ ಕೈ ಹಾಕ್ಲಿ?” ಎಂದ ಸೋಫಾದವನು. ಆಗ ಅವನು ಸುಳ್ಳು ಹೇಳಿರಲಿಲ್ಲ.

ಮೊದಮೊದಲು ಕೆಲಸ ಪ್ರಾಮಾಣಿಕವಾಗಿಯೇ ನಡೆಯಿತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೋಣಿಯನ್ನು ಮರದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಒಳಗಿನ ನೀರು ಹರಿಯಬಿಡಲು ಹಿಂಬದಿಯಲ್ಲಿದ್ದ ತೂತಿಗೆ ಬಿರಡೆ ಜಡಿದು, ಪೈಪು ಬಿಟ್ಟು ನೀರು ತುಂಬಿಸಿದ. ಹೊರಗೆ ಎಲ್ಲೆಲ್ಲಿ ತೊಟ್ಟಿಕ್ಕಿತೋ ಅಲ್ಲೆಲ್ಲ ಹೆಂಡತಿ ಬಗ್ಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಸಡಿಲವಾದ ರಿವೆಟ್ಟುಗಳನ್ನು ಒಂದೊಂದಾಗಿ ಬಿಗಿದ, ತೀರಾ ಸವೆದವನ್ನು ತೆಗೆದು ಹೊಸದು ಹೊಡೆದ. ಮೋಟಾರು ಕಚ್ಚಿಕೊಳ್ಳುವ ಹಿಂಬದಿಯ ಹಲಗೆ ಒದ್ದೆ ರಸ್ಕಿನ ಹಾಗೆ ಉದುರುತ್ತಿತ್ತು. ಅದರ ಜಾಗಕ್ಕೆ ಗಟ್ಟಿ ಹಲಗೆ ಕತ್ತರಿಸಿ, ಅಂಚುಗಳಿಗೆಲ್ಲ ವಾರ್ನಿಶ್ ಕುಡಿಸಿ ಕೂರಿಸಿದ. ಮತ್ತೆ ನೀರು ತುಂಬಿಸಿದಾಗ ಒಂದು ಹನಿಯೂ ಹೊರಬರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ತಿಕ್ಕಿ ತೊಳೆದ ಅಲ್ಯೂಮಿನಿಯಂ ನೋಡಲು ದೊಡ್ಡ ಪಾತ್ರೆಯ ಹಾಗಿತ್ತು. ಫೋನಿನಲ್ಲಿ ಅವನು ಬೇರೆಯವರ ದೋಣಿಗಳನ್ನು ನೋಡತೊಡಗಿದ. ಮಟ್ಟಸವಾದ ನೆಲ, ಅದರ ಮೇಲೆ ರತ್ನಗಂಬಳಿ, ತಿರುಗುವ ಕುರ್ಚಿ. ಅಡ್ಡಮಣೆ ಇದ್ದರೆ ಅಂಥ ನೆಲ ಬರುವುದಿಲ್ಲ. ಅಲ್ಲದೆ, ಭಾವ ಎಳೆಯುವ ಕಾಲಿನಲ್ಲಿ ಆ ಮಣೆಯನ್ನು ದಾಟುವುದು ಹೇಗೆ? ಹೀಗೆ ಕೇಳಿಕೊಂಡ ಮೇಲೆ ಅವನಿಗೆ ಧೈರ್ಯ ಬಂತು. ಇದೆಲ್ಲ ಭಾವನಿಗೋಸ್ಕರ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. ಅವರು ಬೇಡ ಎಂದಿದ್ದರಲ್ಲ ಎಂದಳು. ಅವರಿಗೆ ಹಳೇ ಕಾಲದ ಹೆದರಿಕೆ, ಮೇಲೆ ಪ್ಲೈವುಡ್ ಬಿಗಿದರೆ ಅದೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಅವನು ಸಮಾಧಾನ ಹೇಳಿದ.

ಗ್ರೈಂಡರು ಹಿಡಿದು ಮಣೆಯನ್ನು ಎರಡೂ ತುದಿಗಳಲ್ಲಿ ಕೊಯ್ದ. ಕಿಡಿ ಹಾರುತ್ತಿದ್ದಾಗ ಅವನ ಕಣ್ಣ ಮುಂದೆ ಬಂದದ್ದು ಭಾವನ ಕಾಲಲ್ಲ. ಕೆರೆಯ ದಡದಲ್ಲಿ ನಿಂತು ‘ಅಬ್ಬ’ ಎನ್ನುವ ಜನ. ಇದು ಅವನಿಗೆ ಆಗಲೇ ಗೊತ್ತಿತ್ತು. ಮಣೆಯ ಹೊಟ್ಟೆಯೊಳಗೆ, ಮುಳುಗಿದರೂ ದೋಣಿ ತೇಲಲೆಂದು ತುಂಬಿದ್ದ ಬಿಳಿ ಥರ್ಮೋಕೋಲಿನ ತುಂಡುಗಳಿದ್ದವು. ಅವನ್ನೂ ಎಳೆದು ಶೆಡ್ಡಿನ ಮೂಲೆಗೆ ಎಸೆದ. ಪ್ಲೈವುಡ್ ನೆಲ ಹಾಸಿ, ಬೂದು ಬಣ್ಣದ ರತ್ನಗಂಬಳಿ ಅಂಟಿಸಿ, ಕೆಂಪು ರೆಕ್ಸಿನ್ನಿನ ಎರಡು ತಿರುಗುವ ಕುರ್ಚಿ ಕೂರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನಿಜಕ್ಕೂ ಚೆನ್ನಾಗಿತ್ತು.

ಭಾವ ನೋಡಲು ಬಂದಾಗ ದೋಣಿಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು. ಆಮೇಲೆ ಎಡಗೈಯನ್ನು ರತ್ನಗಂಬಳಿಯ ಮೇಲೆ, ಸರಿಯಾಗಿ ನಡುಭಾಗದಲ್ಲಿ ಇಟ್ಟು, ಮಣೆ ಕೆಳಗಿದೆಯಾ ಎಂದು ಕೇಳಿದರು.

“ಕೆಳಗೇ ಇದೆ ಭಾವ. ಸ್ವಲ್ಪ ತಗ್ಗಿಸಿ ಕೂರಿಸಿದ್ದೀನಿ.”

ಭಾವ ತಲೆಯಾಡಿಸಿ, ಕುರ್ಚಿ ಮೆತ್ತಗಿದೆ ಎಂದರು. ಸೋಫಾದವನು ರೆಕ್ಸಿನ್ನಿನ ಮೇಲಿನ ಇಲ್ಲದ ಧೂಳನ್ನು ಒರೆಸುತ್ತ ನಿಂತ. ನೆಲ ನೋಡಿಕೊಂಡು ಮಾತಾಡುವುದು ಅಂದಿನಿಂದಲೇ ಶುರುವಾಯಿತು.

ದೋಣಿ ಇಳಿಸುವ ದಿನಕ್ಕೆ ಅವನು ಬೀದಿಗೆಲ್ಲ ಹೇಳಿದ್ದ. ಟೀ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ, ಇಸ್ತ್ರಿಯವನು, ಹಳೆಯ ಗಿರಾಕಿಗಳು, ಅಕ್ಕ, ಹೆಂಡತಿ ಎಲ್ಲರೂ ದಡದಲ್ಲಿದ್ದರು. ಜನ ನಿಜವಾಗಿಯೂ ‘ಅಬ್ಬ’ ಎಂದರು. ಕೆರೆಗೆ ಹೊರಟಿದ್ದೀಯೋ ಅಥವಾ ಹೆಣ್ಣು ನೋಡೋಕೋ ಎಂದು ಟೀಯವನು ಕೇಳಿದಾಗ ದಡವೆಲ್ಲ ನಕ್ಕಿತು. ಸೋಫಾದವನು ಭಾವನನ್ನು ಕೈಹಿಡಿದು ಹತ್ತಿಸಿ, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಹಗ್ಗ ಎಳೆದು ಮೋಟಾರು ಚಾಲೂ ಮಾಡಿದ. ಲೈಫ್ ಜಾಕೆಟ್ ತೊಡೋಣವೆಂದು ಭಾವ ಕೇಳಿದ್ದರು. ಅವು ಹಳೆಯವು, ಕೆಂಪು ಕುರ್ಚಿಯ ಪಕ್ಕದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅವನು ದೋಣಿಯ ಮುಂದಿನ ಮೂತಿಯ ಕೆಳಗಿನ ಗೂಡಿಗೆ ತುರುಕಿದ್ದ.

ನಿಂತ ನೀರಿನಲ್ಲಿ ದೋಣಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಕೆರೆಯ ನಡುವಿಗೆ ಬಂದಾಗ ಗಾಳಿ ಎದ್ದಿತು. ದಡದವರಿಗೆ ಕಾಣಲೆಂದು ಅವನು ವೇಗ ಹೆಚ್ಚಿಸಿ ಅಗಲವಾಗಿ ತಿರುವಿದ. ಆಗ ಖಾಲಿ ಎಣ್ಣೆ ಡಬ್ಬವನ್ನು ಎರಡು ಕೈಯಲ್ಲಿ ಅಮುಕಿದಂಥ ಸದ್ದು ಕೇಳಿಸಿತು. ಭಾವ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ ಅವನ ಮುಖ ನೋಡಿದರು. ಅಲೆ ಹೊಡೆದಾಗಲೆಲ್ಲ ಎರಡೂ ಬದಿಗಳು ಉಸಿರಾಡುವ ಪಕ್ಕೆಲುಬಿನ ಹಾಗೆ ಒಳಗೂ ಹೊರಗೂ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ದೋಣಿ ಭಾರವಾಯಿತು. ಬೂದು ರತ್ನಗಂಬಳಿ ಅಂಚಿನಿಂದ ಕಪ್ಪಾಗುತ್ತ ಬಂತು.

ಕಾಲು ಒದ್ದೆಯಾಗುತ್ತಿದೆ ಎಂದರು ಭಾವ. ಅದು ಹಾರಿದ ನೀರು ಎಂದ ಅವನು. ಹಾರಿದ ನೀರು ಕೆಳಗಿನಿಂದ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವನು ಮೋಟಾರು ನಿಲ್ಲಿಸಿ, ಚಾಕು ತೆಗೆದು, ತನ್ನ ಕೈಯಿಂದಲೇ ಅಂಟಿಸಿದ್ದ ರತ್ನಗಂಬಳಿಯನ್ನು ಸೀಳಿದ. ಪ್ಲೈವುಡ್ಡಿನ ಒಂದು ಹಲಗೆ ಎತ್ತಿದ. ಕೆಳಗೆ ನೀರು ತುಂಬಿತ್ತು. ನಡುವೆ ಏನೂ ಇರಲಿಲ್ಲ. ಎರಡು ಬದಿಗಳಲ್ಲೂ ಗ್ರೈಂಡರು ಕೊಯ್ದ ಮೊಂಡು ತುದಿಗಳು ಮಾತ್ರ, ಅವುಗಳ ಸುತ್ತ ಕಿತ್ತುಬಂದು ನೀರು ಬಿಡುತ್ತಿದ್ದ ರಿವೆಟ್ಟುಗಳು. ಭಾವ ಅದನ್ನು ನೋಡಿದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕುರ್ಚಿಯಿಂದ ಜಾರಿ ಒದ್ದೆ ನೆಲದ ಮೇಲೆ ಕುಳಿತು, ತಿಂಡಿಯ ಡಬ್ಬಿಯಲ್ಲಿದ್ದ ಬ್ರೆಡ್ಡನ್ನು ನೀರಿಗೆ ಸುರಿದು, ಅದೇ ಡಬ್ಬಿಯಿಂದ ಎಡಗೈಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲತೊಡಗಿದರು.

“ಜೊಂಡಿನ ಕಡೆ ಹುಟ್ಟು ಹಾಕು. ಅಲ್ಲಿ ಆಳ ಇಲ್ಲ,” ಎಂದಷ್ಟೇ ಹೇಳಿದರು.

ಜೊಂಡು ತಲುಪುವ ಹೊತ್ತಿಗೆ ದೋಣಿಯ ಅಂಚು ನೀರಿನ ಮಟ್ಟಕ್ಕೆ ಬಂದಿತ್ತು. ಅಲ್ಲಿ ಅದು ಕೆಸರಿನಲ್ಲಿ ಕೂತುಬಿಟ್ಟಿತು. ಸೋಫಾದವನು ಸೊಂಟದವರೆಗಿನ ಕೆಸರುನೀರಿಗೆ ಇಳಿದು ಭಾವನನ್ನು ಬೆನ್ನ ಮೇಲೆ ಹೊತ್ತುಕೊಂಡ. ಒಂದು ಕಾಲದಲ್ಲಿ ಲಾರಿಯ ಚಕ್ರವನ್ನು ಒಬ್ಬರೇ ಎತ್ತುತ್ತಿದ್ದ ಮನುಷ್ಯ ಮಗುವಿನ ಹಾಗೆ ಅವನ ಕೊರಳಿಗೆ ಒಂದೇ ಕೈ ಸುತ್ತಿಕೊಂಡಿದ್ದರು. ದಡದಲ್ಲಿ ನಿಂತವರು ಈಗ ನಗಲಿಲ್ಲ, ದಾರಿ ಬಿಟ್ಟರು. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಎಂದು ಅವನಿಗೆ ಅನ್ನಿಸಿತು.

ಅಕ್ಕ ಓಡಿಬಂದು ಏನಾಯಿತು ಎಂದು ಕೇಳಿದಳು. ಅವನು ಬಾಯಿ ತೆರೆದ. ಮಾತು ಬರುವ ಮೊದಲೇ ಭಾವ ಹೇಳಿದರು:

“ನೀರು ಬಿಡೋ ತೂತಿಗೆ ಬಿರಡೆ ಹಾಕೋದು ನಾನು ಮಾಡ್ತೀನಿ ಅಂದಿದ್ದೆ. ಮರ್ತೇಬಿಟ್ಟೆ.”

ಇಲ್ಲ ಎನ್ನಲು ಒಂದು ಕ್ಷಣ ಸಾಕಾಗಿತ್ತು. ಆ ಕ್ಷಣ ಅವನ ಮುಂದೆಯೇ ಹಾದುಹೋಯಿತು, ಅವನು ಸುಮ್ಮನೆ ನಿಂತಿದ್ದ. ಪಾಪ, ಕಾಯಿಲೆ ಬಂದಮೇಲೆ ಮರೆವು ಸಹಜ ಎಂದು ಯಾರೋ ಅಂದರು. ಇಷ್ಟು ಚೆಂದದ ದೋಣಿ ಹಾಳಾಯಿತಲ್ಲ ಎಂದು ಇನ್ನೊಬ್ಬರು ಸೋಫಾದವನ ಹೆಗಲು ತಟ್ಟಿದರು. ತಟ್ಟಿದ ಕೈಯನ್ನೂ ಅವನು ಸರಿಸಲಿಲ್ಲ.

ದೋಣಿಯನ್ನು ಎಳೆದು ತಂದು ಶೆಡ್ಡಿನಲ್ಲಿಟ್ಟು ಕೆಸರು ತೊಳೆಯುವಾಗ ಹೆಂಡತಿ ಹಿಂಭಾಗಕ್ಕೆ ಬಗ್ಗಿ ನೋಡಿದಳು. ಬಿರಡೆ ತೂತಿನಲ್ಲಿ ಬಿಗಿಯಾಗಿ ಕೂತಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ, ಗಂಡನ ಮುಖ ನೋಡಿ, ಪೈಪನ್ನು ಕೆಳಗಿಟ್ಟು ಒಳಗೆ ಹೋದಳು.

ಒಂದು ಸಣ್ಣ ಸುಳ್ಳು ಒಬ್ಬ ಮನುಷ್ಯನಿಂದ ಏನೇನನ್ನು ಕಿತ್ತುಕೊಳ್ಳಬಹುದು ಎಂಬುದನ್ನು ಅವನು ಮುಂದಿನ ವಾರಗಳಲ್ಲಿ ನೋಡಿದ. ಅಕ್ಕ ಭಾವನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ ಮರೆವಿಗೆ ಮಾತ್ರೆ ಕೇಳಿದಳು. ಬಿರಡೆ ಮರೆತವರು ನಾಳೆ ಗ್ಯಾಸು ಮರೆಯುವುದಿಲ್ಲವೇ ಎಂದು ಒಲೆಯ ಬಳಿ ಬಿಡಲಿಲ್ಲ. ಬೆಳಗಿನ ಟೀಯನ್ನು ಭಾವನೇ ಮಾಡಿ ಅವಳಿಗೆ ಕೊಡುತ್ತಿದ್ದದ್ದು ನಿಂತಿತು. ಮುಂಬಾಗಿಲಿನ ಬೀಗದ ಕೈ ಅವಳ ಬಳಿ ಸೇರಿತು. ಕೇಳಿದ್ದನ್ನೇ ಮತ್ತೆ ಕೇಳಿ ಪರೀಕ್ಷೆ ಮಾಡುವಳು: ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ. ಭಾವ ತಾಳ್ಮೆಯಿಂದ ಉತ್ತರ ಹೇಳುವರು. ಎದುರಿಗೆ ಕುಳಿತ ಸೋಫಾದವನು ಲೋಟದೊಳಗೆ ಮುಖ ಹುದುಗಿಸುವನು. ಯಾರು ಯಾವುದರ ಮಾತೆತ್ತಿದರೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತಿತ್ತು ಅವನಿಗೆ.

ನೀವು ಹೇಳುತ್ತೀರೋ ನಾನು ಹೇಳಲೋ ಎಂದು ಹೆಂಡತಿ ಕೇಳಿದಳು. ನಾನೇ ಹೇಳುತ್ತೇನೆ ಎಂದ. ಹೇಳಲಿಲ್ಲ. ಅಕ್ಕನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ. ಅವಳು ಫೋನು ಮಾಡಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ.

ಕೊನೆಗೆ ಅಕ್ಕನೇ ಕರೆಸಿದಳು. ಭಾವನ ಕುರ್ಚಿಯ ಕೈ ಸಡಿಲವಾಗಿತ್ತು. ಅವನು ನೆಲದ ಮೇಲೆ ಕುಳಿತು ಮೊಳೆ ಹೊಡೆಯುತ್ತಿದ್ದಾಗ ಭಾವ ಅಂಗಿ ಹಾಕಿಕೊಂಡು ಬಂದು ಕ್ಷೌರಕ್ಕೆ ಹೋಗಿಬರುತ್ತೇನೆ ಎಂದರು. ಕ್ಷೌರದಂಗಡಿ ಬೀದಿಯ ಕೊನೆಯಲ್ಲೇ ಇತ್ತು, ಬಾಗಿಲಲ್ಲಿ ನಿಂತರೆ ಕಾಣುತ್ತಿತ್ತು. ಅಕ್ಕ ಅವರನ್ನು ನಿಲ್ಲಿಸಿ, ಮನೆಯ ವಿಳಾಸ ಬರೆದ ಒಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿ, ಬೀಳದಿರಲಿ ಎಂದು ಸೇಫ್ಟಿ ಪಿನ್ನು ಚುಚ್ಚಿದಳು. ದೇಶದ ರಸ್ತೆಗಳೆಲ್ಲ ತಲೆಯಲ್ಲಿದ್ದ ಭಾವ ಎದೆ ಮುಂದೆ ಮಾಡಿ ಪಿನ್ನು ಚುಚ್ಚಿಸಿಕೊಂಡು ನಿಂತಿದ್ದರು. ಸೋಫಾದವನನ್ನು ನೋಡಲಿಲ್ಲ.

ಸೋಫಾದವನು ಸುತ್ತಿಗೆ ಕೆಳಗಿಟ್ಟ.

“ಅಕ್ಕ, ಅದನ್ನ ತೆಗಿ. ಭಾವ ಏನೂ ಮರೆತಿಲ್ಲ. ಬಿರಡೆ ಹಾಕೇ ಇತ್ತು. ಮಣೆ ಕೊಯ್ದವನು ನಾನು. ಅವರು ಬೇಡ ಅಂದಿದ್ರು. ಕೊಯ್ದು, ಕೆಳಗಿದೆ ಅಂತ ಸುಳ್ಳು ಹೇಳ್ದೆ. ಅದಕ್ಕೇ ಮುಳುಗಿದ್ದು.”

ಅಕ್ಕನ ಬೆರಳು ಪಿನ್ನಿನ ಮೇಲೆಯೇ ನಿಂತಿತು. ಅವಳು ತಮ್ಮನ ಕಡೆ ತಿರುಗಲಿಲ್ಲ, ಗಂಡನ ಮುಖ ನೋಡಿದಳು. ನೀವ್ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು.

“ಅಷ್ಟು ಜನ ಇದ್ರು. ಅವರೆದುರು ಅವನು ತಲೆ ತಗ್ಗಿಸೋದು ಬೇಡ ಅನ್ನಿಸ್ತು,” ಎಂದರು ಭಾವ. “ಮನೆಗೆ ಬಂದ್ಮೇಲೆ ಅವನೇ ಹೇಳ್ತಾನೆ ಅಂದ್ಕೊಂಡೆ.”

ಅಕ್ಕ ಪಿನ್ನು ಬಿಚ್ಚಿದಳು, ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿದಳು. ಬೀಗದ ಕೈಯನ್ನು ತಂದು ಗಂಡನ ಎಡಗೈಗೆ ಕೊಟ್ಟಳು. ಭಾವ ಕೋಲೂರಿಕೊಂಡು ಕ್ಷೌರಕ್ಕೆ ಹೊರಟರು. ಅವರು ಗೇಟು ದಾಟಿದ ಮೇಲೆ ಅಕ್ಕ ಅಂದಳು:

“ನನ್ನ ಗಂಡನ್ನ ನಾನೇ ಮಗು ಮಾಡಿಬಿಟ್ಟೆ. ನೀನು ಎದುರಿಗೆ ಕೂತು ಟೀ ಕುಡೀತಿದ್ದೆ. ಇವತ್ತು ಊಟಕ್ಕೆ ನಿಲ್ಲಬೇಡ, ಹೋಗು.”

ಆ ಮನೆಯಿಂದ ಅವನು ಹಸಿದುಕೊಂಡು ಹೊರಟದ್ದು ಅದೇ ಮೊದಲು. ಕುರ್ಚಿಯ ಕೈ ಅರ್ಧ ಬಿಗಿದಂತೆಯೇ ಉಳಿಯಿತು.

ಅಕ್ಕನೊಬ್ಬಳಿಗೆ ಹೇಳಿದರೆ ಸಾಲದು, ಭಾವನಿಗೆ ಮರೆವು ಎಂದು ಬೀದಿಯೆಲ್ಲ ನಂಬಿದೆ ಎಂದಳು ಹೆಂಡತಿ. ಟೀ ಅಂಗಡಿಯಲ್ಲಿ ಎಲ್ಲರೂ ಸೇರಿದ್ದಾಗ ಅವನು ಎದ್ದು ನಿಂತು ಹೇಳಿದ. ತನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದ, ಅವರು ನಕ್ಕರು. ‘ಹೊರಗೆ ಥಳುಕು, ಒಳಗೆ ಹುಳುಕು’ ಎಂದ ಟೀಯವನು, ಅಷ್ಟಕ್ಕೇ ಮಾತು ಬೇರೆ ಕಡೆ ಹೋಯಿತು. ಎದೆಯ ಮೇಲಿನ ಕಲ್ಲು ಅದರಿಂದ ಇಳಿಯಲಿಲ್ಲ. ಇಷ್ಟು ಸುಲಭದ ಮಾತಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ನಾಚಿಕೆ ಇನ್ನೂ ಹೆಚ್ಚಾಯಿತು. ನಗು ಮಾತ್ರ ಬಹಳ ದಿನ ಬದುಕಿತು. ಒಬ್ಬ ಹೆಂಗಸು ಸೋಫಾ ಒಯ್ಯಲು ಬಂದವಳು ಅದನ್ನು ಮಗುಚಿ ಹಾಕಿಸಿ, ಒಳಗೇನೂ ಕಿತ್ತಿಲ್ಲ ತಾನೇ ಎಂದು ಬಗ್ಗಿ ನೋಡಿದಳು. ಅವನು ಟಾರ್ಚು ಹಿಡಿದು ತೋರಿಸಿದ.

ದೋಣಿಯನ್ನು ಅವನು ಮತ್ತೆ ಬಿಚ್ಚಿದ. ರತ್ನಗಂಬಳಿ, ಪ್ಲೈವುಡ್, ಕೆಂಪು ಕುರ್ಚಿ ಎಲ್ಲ ಹೊರಬಂದವು. ಉಕ್ಕಿನ ಸ್ಕ್ರೂಗಳು ಅಲ್ಯೂಮಿನಿಯಂ ಅನ್ನು ಆಗಲೇ ಬಿಳಿ ಹುಡಿಯಾಗಿ ತಿನ್ನತೊಡಗಿದ್ದವು. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ದಪ್ಪ ತಗಡು ಬಗ್ಗಿಸಿಕೊಂಡು ಬಂದು ಹೊಸ ಅಡ್ಡಮಣೆ ಮಾಡಿದ. ಆದರೆ ದಪ್ಪ ರಿವೆಟ್ಟು ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬ ಸುತ್ತಿಗೆ ಬೀಸಿದರೆ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಹೆಂಡತಿಯನ್ನು ಕರೆಯಲು ಅವನು ತಿರುಗಿದಾಗ ಶೆಡ್ಡಿನ ಬಾಗಿಲಲ್ಲಿ ಭಾವ ನಿಂತಿದ್ದರು. ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಅವನ ಹೆಗಲು ಹಿಡಿದು ದೋಣಿಗೆ ಹತ್ತಿ, ಒಳಗಿದ್ದ ಬಣ್ಣದ ಡಬ್ಬದ ಮೇಲೆ ಕುಳಿತು, ಗಟ್ಟಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ಭುಜ ಕೊಟ್ಟು ರಿವೆಟ್ಟಿಗೆ ಒತ್ತಿದರು.

ಬಹಳ ಹೊತ್ತು ಸುತ್ತಿಗೆಯ ಸದ್ದೊಂದೇ. ನಡುವೆ ಅವನು, “ಭಾವ, ತಪ್ಪಾಯ್ತು,” ಎಂದ.

“ನೆಟ್ಟಗೆ ಹೊಡಿ. ತಲೆ ಒಂದು ಕಡೆ ವಾಲ್ತಿದೆ,” ಎಂದರು ಭಾವ. ರಿವೆಟ್ಟಿನ ತಲೆಯ ಮಾತದು.

ಮಣೆ ಕೂತ ಮೇಲೆ ಅವನು ಹಿಂಜರಿಯುತ್ತ, ಇದನ್ನು ನೀವು ದಾಟುವುದು ಹೇಗೆ ಎಂದು ಕೇಳಿದ. ಭಾವ ಮಣೆಯ ಮೇಲೆ ಕುಳಿತು, ಬಲಗಾಲನ್ನು ಎಡಗೈಯಿಂದ ಎತ್ತಿ ಆಚೆ ಇಟ್ಟು, ಎಡಗಾಲನ್ನೂ ಆಚೆ ಹಾಕಿ, ಆ ಕಡೆ ಎದ್ದು ನಿಂತರು. ಅಷ್ಟೇ. ಗ್ರೈಂಡರು ಹಿಡಿಯುವ ಮೊದಲು ಈ ಪ್ರಶ್ನೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ತಗಡಿನ ಚೂರು ಗುಡಿಸುವ ನೆಪದಲ್ಲಿ ಪೊರಕೆ ಹುಡುಕಿದ.

ಎರಡನೇ ಸಲ ದೋಣಿ ಇಳಿಸಿದಾಗ ಅವನು ಯಾರಿಗೂ ಹೇಳಲಿಲ್ಲ. ದಡದಲ್ಲಿ ಒಂದು ನಾಯಿ ಇತ್ತು, ಅದೂ ಮಲಗಿತ್ತು. ದೋಣಿ ನೋಡಲು ಏನೂ ಚೆನ್ನಾಗಿರಲಿಲ್ಲ. ತೇಪೆ ಎದ್ದು ಕಾಣುತ್ತಿತ್ತು, ನೆಲ ಬರಿ ತಗಡು. ಮೂವರೂ ಲೈಫ್ ಜಾಕೆಟ್ ತೊಟ್ಟಿದ್ದರು. ಮೂವರು ಎಂದೆ, ಏಕೆಂದರೆ ಎಂದೂ ಕೆರೆಗೆ ಇಳಿಯದ ಅಕ್ಕ ಈ ಸಲ ನಾನೂ ಬರುತ್ತೇನೆ ಎಂದಿದ್ದಳು. ತಮ್ಮನನ್ನು ನಂಬಿ ಗಂಡನನ್ನು ಕಳಿಸಲು ಅವಳಿಗೆ ಇನ್ನೂ ಮನಸ್ಸಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅವನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಭಾವ ಮೂತಿಯ ಕಡೆ ಕುಳಿತು, ಗಾಳದ ಕೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಎಡಗೈಯಿಂದ ದಾರ ಬಿಡುತ್ತಿದ್ದರು. ಅಕ್ಕ ಅಡ್ಡಮಣೆಯ ಮೇಲೆ ತಮ್ಮನಿಗೆ ಎದುರಾಗಿ ಕುಳಿತಿದ್ದಳು. ನೀರನ್ನೂ ನೋಡಲಿಲ್ಲ, ಹಾರುವ ಹಕ್ಕಿಯನ್ನೂ ನೋಡಲಿಲ್ಲ. ಅವಳ ಕಣ್ಣು ಕಾಲಡಿಯ ತಗಡಿನ ಮೇಲಿತ್ತು. ಕೆರೆಯ ನಡುವಿಗೆ ಬಂದಾಗ ಬಗ್ಗಿ, ರಿವೆಟ್ಟಿನ ಸಾಲಿನ ಮೇಲೆ ಅಂಗೈ ಆಡಿಸಿ, ಕೈ ತಿರುಗಿಸಿ ನೋಡಿದಳು. ಒಣಗಿತ್ತು.

ಸೋಫಾದವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

“ಆ ಪಕ್ಕಾನೂ ನೋಡಕ್ಕ,” ಎಂದ.

ಅಕ್ಕ ಆ ಪಕ್ಕವನ್ನೂ ನೋಡಿದಳು.